ಬೋಟಿನ ಬಿಲ್ಜ್ ಪಂಪ್ ರಿಪೇರಿ: ಕಾಸರಗೋಡು ಹಾರ್ಬರ್ ಕಡೆಯ ವೈರಿಂಗ್ ಅಂಗಡಿ ಬಗ್ಗೆ ನನ್ನ ರಿವ್ಯೂ

ಶಿರಿಯ, ಕುಂಬಳೆ, ಮೊಗ್ರಾಲ್, ಚಂದ್ರಗಿರಿ ಈ ಕಡೆ ಯಾರ ಹತ್ರ ಆದ್ರೂ ಸಣ್ಣ ಫೈಬರ್ ಬೋಟ್ ಉಂಟು, ಅದರ ತಳದ ನೀರು ತೆಗೆದು ಹೊರಗೆ ಹಾಕುವ ಬಿಲ್ಜ್ ಪಂಪ್ ಸರಿ ಓಡುದಿಲ್ಲ ಅಂತಾದ್ರೆ ಹೊಸ ಪಂಪ್ ತರ್ಲಿಕ್ಕೆ ಮಂಗಳೂರು ಬಂದರಿಗೆ ಓಡ್ಬೇಡಿ, ಮೊದ್ಲು ಒಬ್ಬ ವೈರಿಂಗ್ ಗೊತ್ತಿದ್ದವರನ್ನು ಕರೆದು ಮೀಟರ್ ಹಿಡಿಸಿ. ಇದನ್ನು ಹೇಳ್ಲಿಕ್ಕೇ ಈ ರಿವ್ಯೂ ಬರೀತಾ ಇದ್ದೇನೆ. ನಾನು ಹೇಳುವ ಅಂಗಡಿ ಕಾಸರಗೋಡು ಹಾರ್ಬರ್ ಕಡೆ ಉಂಟು, ಒಂದೇ ಶಟರಿನ ಸಣ್ಣ ಜಾಗ, ಜಾಸ್ತಿ ಮೀನು ಬೋಟಿನ ಕೆಲಸ, ಡೈನಮೊ, ಸ್ಟಾರ್ಟರ್, ಲೈಟು, ಪಂಪು. ನಮ್ಮ ಹಾಗೆ ರಜೆಯಲ್ಲಿ ತಿರುಗ್ಲಿಕ್ಕೆ ಬೋಟ್ ಇಟ್ಟವರು ಅವರಿಗೆ ಕಮ್ಮಿ. ಆದ್ರೂ ಕರೆದ್ರೆ ಬರ್ತಾರೆ. ಹೆಸರು, ನಂಬರ್ ಇಲ್ಲಿ ಹಾಕುದು ಬೇಡ ಅಂತ ಅವರೇ ಹೇಳಿದ್ರಿಂದ ಹಾಕ್ಲಿಲ್ಲ, ಹಾರ್ಬರಿನಲ್ಲಿ ಬೋಟ್ ವೈರಿಂಗಿನವರು ಯಾರು ಅಂತ ಕೇಳಿದ್ರೆ ತೋರಿಸ್ತಾರೆ. ಕನ್ನಡ, ತುಳು, ಮಲಯಾಳ ಮೂರೂ ಮಾತಾಡ್ತಾರೆ. ಐದರಲ್ಲಿ ನಾಲ್ಕು ಸ್ಟಾರ್ ಕೊಡ್ತೇನೆ, ಆ ಒಂದು ಸ್ಟಾರ್ ಯಾಕೆ ಹೋಯ್ತು ಅಂತ ಕೆಳಗೆ ಬರ್ದಿದ್ದೇನೆ.

ನಮ್ಮದು 20 ಅಡಿಯ ಬೋಟು, ಹಿಂದೆ ಔಟ್‌ಬೋರ್ಡ್ ಇಂಜಿನ್, ಮೇಲೆ ಕ್ಯಾನ್ವಾಸ್ ಹೊದಿಕೆ, ಬ್ಯಾಟರಿ ಮುಂದೆ ಸ್ಟೀರಿಂಗಿನ ಅಡಿಯಲ್ಲಿ. ತಮ್ಮನೂ ನಾನೂ ಸೇರಿ ತಕ್ಕೊಂಡದ್ದು. ಅಳಿವೆ ಹತ್ರ ಕಡವಿನಲ್ಲಿ ಕಟ್ಟಿ ಇಡುದು, ನೆಂಟರು ಬಂದಾಗ, ಮಕ್ಕಳಿಗೆ ರಜೆ ಇದ್ದಾಗ ಹೊಳೆಯಲ್ಲಿ ಒಂದು ಸುತ್ತು. ಉಳಿದ ದಿವಸ ಎಲ್ಲ ಬೋಟ್ ಸುಮ್ಮನೆ ನೀರಲ್ಲಿ ಕೂತಿರ್ತದೆ, ಪಂಪಿನ ನಿಜವಾದ ಕೆಲಸ ಇರುದು ಆವಾಗಲೇ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಮೂರುವರೆ ಸಾವಿರ ಮಿಲಿಮೀಟರ್ ಆಸುಪಾಸು ಮಳೆ, ಅದರಲ್ಲಿ ಜಾಸ್ತಿ ಜೂನ್ ಜುಲೈ ಆಗಸ್ಟಲ್ಲೇ ಸುರೀತದೆ. ಒಂದೇ ರಾತ್ರಿ 100 ಮಿಲಿಮೀಟರ್ ಬಿತ್ತು ಅಂತ ಇಟ್ಕೊಳ್ಳಿ, ಬೋಟಿನ ತೆರೆದ ಜಾಗ 10 ಚದರ ಮೀಟರ್ ಇದ್ರೆ ಒಳಗೆ ಬೀಳುದು 1000 ಲೀಟರ್ ನೀರು, ಅಂದ್ರೆ ಒಂದು ಟನ್ ಭಾರ. ಹಿಂದೆ ಇಂಜಿನಿನ ಭಾರ ಬೇರೆ ಉಂಟು, ನೀರೆಲ್ಲ ಹಿಂದಕ್ಕೇ ಹೋಗಿ ಸೇರ್ತದೆ, ಹಿಂಬದಿ ಇನ್ನೂ ತಗ್ಗಿ ಹೊಳೆ ನೀರೇ ಒಳಗೆ ಬರ್ಲಿಕ್ಕೆ ಶುರುವಾದ್ರೆ ಆಮೇಲೆ ಯಾರೂ ಎಂತದೂ ಮಾಡ್ಲಿಕ್ಕಾಗುದಿಲ್ಲ. ಈ ಬಿಲ್ಜ್ ಪಂಪ್ ಅಂಗೈ ಮೇಲೆ ಕೂರುವಷ್ಟು ಸಣ್ಣ ಸಾಮಾನು, ಇಡೀ ಬೋಟ್ ಅದರ ಮೇಲೆ ನಿಂತಿರ್ತದೆ.

ನಮ್ಮ ತೊಂದರೆ ಹೀಗಿತ್ತು. ಸ್ವಿಚ್ ಹಾಕಿದ್ರೆ ಪಂಪ್ ತಿರುಗುವ ಶಬ್ದ ಬರ್ತದೆ, ಹೊರಗೆ ಪೈಪಿನಲ್ಲಿ ನೀರು ಸಣ್ಣಕ್ಕೆ ಬರ್ತದೆ, ಕೆಲವು ಸಲ ಬರುದೇ ಇಲ್ಲ. ನೀರು ಬಂದಾಗ ತನ್ನಷ್ಟಕ್ಕೆ ಓಡ್ಲಿ ಅಂತ ಪಂಪಿನ ಸ್ವಿಚ್ಚನ್ನು ಆಟೋದಲ್ಲಿ ಇಟ್ಟು ಮನೆಗೆ ಬಂದ್ರೆ ಮರುದಿವಸ ತಳ ತುಂಬ ನೀರು. ಬೋಟಿಗೆ ಹತ್ತಿ ಮೈನ್ ಸ್ವಿಚ್ ಹಾಕಿದ ಕೂಡ್ಲೆ ಅದೇ ಪಂಪ್ ತನ್ನಷ್ಟಕ್ಕೆ ಓಡ್ತದೆ. ಮತ್ತೆ ಬ್ಯಾಟರಿ, ಒಂದು ತಿಂಗಳು ಬೋಟ್ ತೆಗೆಯದಿದ್ರೆ ಇಂಜಿನ್ ಸ್ಟಾರ್ಟ್ ಆಗದಷ್ಟು ಇಳಿದಿರ್ತದೆ. ಮೊದ್ಲು ಬಂದ ಮೆಕ್ಯಾನಿಕ್ ಪಂಪ್ ಹೋಗಿದೆ ಅಂತ ಹೊಸತು ಹಾಕಿದ್ರು, ಅದೂ ಹಾಗೇ ಆಯ್ತು, ಆಮೇಲೆ ಅದಕ್ಕಿಂತ ದೊಡ್ಡದು ಹಾಕಿ ಅಂದ್ರು, ಫ್ಯೂಸ್ ಹಾರ್ತದೆ ಅಂತ 20 ಆಂಪಿಯರಿನ ಫ್ಯೂಸ್ ಹಾಕಿ ಹೋದ್ರು. ಪಂಪಿಗೆ ಕೊಟ್ಟ ದುಡ್ಡು ಒಂದು ಕಡೆ ಇರ್ಲಿ, ಆ ಫ್ಯೂಸ್ ವಿಷಯ ಈಗ ನೆನೆಸಿದ್ರೂ ನಂಗೆ ಸಿಟ್ಟು ಬರ್ತದೆ. ಅದು ಯಾಕೆ ಅಷ್ಟು ಅಪಾಯ ಅಂತ ಮುಂದೆ ಹೇಳ್ತೇನೆ.

ಹಾರ್ಬರ್ ಕಡೆಯ ಈ ಅಣ್ಣ ಬಂದು ಮಾಡಿದ ಮೊದ್ಲ ಕೆಲಸ, ಬೋಟಿನ ಹೊದಿಕೆ ಎಲ್ಲ ತೆರೆದು ಸ್ವಲ್ಪ ಹೊತ್ತು ಗಾಳಿ ಆಡ್ಲಿಕ್ಕೆ ಬಿಟ್ರು. ನಮ್ಮ ಪೆಟ್ರೋಲ್ ಟ್ಯಾಂಕ್ ಹಿಂದಿನ ಸೀಟಿನ ಅಡಿಯಲ್ಲೇ ಉಂಟು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ತಳದಲ್ಲೇ ಕೂರ್ತದೆ, ವೈರ್ ಮುಟ್ಟಿಸಿ ಒಂದು ಕಿಡಿ ಹಾರಿದ್ರೆ ಮುಗೀತು ಅಂದ್ರು. ಮೂಸಿ ನೋಡಿ, ವಾಸನೆ ಇಲ್ಲ ಅಂತ ಖಾತ್ರಿ ಆದ ಮೇಲೆಯೇ ಟೂಲ್ ಬಾಕ್ಸ್ ತೆರೆದದ್ದು. ನಂಗೆ ಆಗಲೇ ಇವರ ಮೇಲೆ ವಿಶ್ವಾಸ ಬಂತು.

ಆಮೇಲೆಯೂ ಕರೆಂಟಿಗೆ ಕೈ ಹಾಕ್ಲಿಲ್ಲ. ಪಂಪಿನ ಕೆಳಗಿನ ಜಾಲರಿ ಬಿಚ್ಚಿದ್ರು, ಒಳಗೆ ತಿರುಗುವ ರೆಕ್ಕೆಗೆ ಗಾಳದ ನೂಲು, ತೆಂಗಿನ ನಾರು ಸುತ್ತಿಕೊಂಡಿತ್ತು, ಚಿಮಟದಲ್ಲಿ ಎಳೆದು ತೆಗೆದ್ರು. ಪೈಪ್ ನೋಡಿದ್ರು, ಮಧ್ಯ ಎಲ್ಲಿಯೂ ಜೋತುಬಿದ್ದು ತಗ್ಗು ಆಗ್ಬಾರ್ದಂತೆ, ಆ ತಗ್ಗಿನಲ್ಲಿ ನೀರು ನಿಂತ್ರೆ ಪಂಪಿನ ತಲೆಯಲ್ಲಿ ಗಾಳಿ ಸಿಕ್ಕಿಬೀಳ್ತದೆ, ಮೋಟರ್ ತಿರುಗ್ತದೆ, ನೀರು ಹೋಗುದಿಲ್ಲ. ಮತ್ತೆ ಪ್ಲಸ್ ಮೈನಸ್ ಅದಲುಬದಲು ಆಗಿದೆಯಾ ಅಂತ. ಇಂಥ ಪಂಪಿಗೆ ವೈರ್ ಉಲ್ಟಾ ಕೊಟ್ರೂ ಮೋಟರ್ ತಿರುಗ್ತದೆ, ಆದ್ರೆ ಹಿಂದಕ್ಕೆ ತಿರುಗ್ತದೆ, ನೀರು ಸಣ್ಣಕ್ಕೆ ಬರ್ತದೆ, ನೋಡಿದವರು ಪಂಪ್ ವೀಕ್ ಅಂತಾರೆ. ಮನೆ ವೈರಿಂಗ್ ಮಾಡುವವರು ಬೋಟಿನ ಕೆಲಸಕ್ಕೆ ಕೈ ಹಾಕಿದ್ರೆ ಇದು ಆಗುದುಂಟಂತೆ, ಯಾಕಂದ್ರೆ ಬ್ಯಾಟರಿ ಲೈನಿನಲ್ಲಿ ಪ್ಲಸ್ ಮೈನಸ್ ನೋಡ್ಬೇಕು, ಮನೆಯ ಬಲ್ಬಿನಲ್ಲಿ ಹಾಗೆ ನೋಡಿ ಅಭ್ಯಾಸ ಇರುದಿಲ್ಲ. ಇನ್ನು ಮೂರು ವೈರ್ ಇರುವ ಆಟೋಮ್ಯಾಟಿಕ್ ಪಂಪ್ ಆದ್ರೆ ಇನ್ನೂ ಗೊಂದಲ. ಕಪ್ಪು ಮೈನಸ್, ಕಂದು ಒಂದು, ಕಂದಿನ ಮೇಲೆ ಬಿಳಿ ಗೆರೆ ಇರುದು ಇನ್ನೊಂದು, ಯಾವುದು ಆಟೋ ಯಾವುದು ಮ್ಯಾನ್ಯುವಲ್ ಅಂತ ಪಂಪಿನ ಜೊತೆ ಬಂದ ಕಾಗದ ನೋಡದೆ ಜೋಡಿಸ್ಬಾರ್ದು. ನಮ್ಮ ಪಂಪಿನಲ್ಲಿ ಎರಡೇ ವೈರ್, ನೀರು ಏರಿದಾಗ ತೇಲಿ ಎದ್ದು ಪಂಪ್ ಓಡಿಸುವ ಫ್ಲೋಟ್ ಸ್ವಿಚ್ ಬೇರೆ.

ಈಗ ಮುಖ್ಯ ವಿಷಯ. ಪಂಪಿನ ವೈರ್ ಬಿಚ್ಚಿ, ಸ್ವಿಚ್ ಹಾಕಿ, ಪಂಪಿಗೆ ಬರುವ ಲೈನಿನ ತುದಿಯಲ್ಲಿ ಮಲ್ಟಿಮೀಟರ್ ಇಟ್ಟಾಗ 12.5 ವೋಲ್ಟ್ ತೋರಿಸ್ತು. ಮೊದ್ಲು ಬಂದವರೂ ಇಷ್ಟೇ ನೋಡಿದ್ದು, ಕರೆಂಟ್ ಬರ್ತಾ ಉಂಟು, ಹಾಗಾದ್ರೆ ಪಂಪ್ ಹಾಳು ಅಂತ ತೀರ್ಮಾನ ಮಾಡಿದ್ದು. ಈ ಅಣ್ಣ ಅಲ್ಲಿಗೆ ನಿಲ್ಲಿಸ್ಲಿಲ್ಲ. ಅದೇ ತುದಿಗೆ ಕಾರಿನ ಇಂಡಿಕೇಟರಿನ 21 ವ್ಯಾಟ್ ಬಲ್ಬ್ ಒಂದು ಸಿಕ್ಕಿಸಿದ್ರು. ಬಲ್ಬ್ ಕೆಂಪಗೆ ಮಂಕಾಗಿ ಹೊತ್ತಿತು. ಅದೇ ಬಲ್ಬನ್ನು ಬ್ಯಾಟರಿಗೆ ನೇರ ಮುಟ್ಟಿಸಿದ್ರೆ ಕಣ್ಣು ಕುಕ್ಕುವಷ್ಟು ಬೆಳಕು. ಮೀಟರ್ ಬರೇ ನೋಡ್ತದೆ ಅಕ್ಕ, ಕರೆಂಟ್ ಎಳೆಯುದಿಲ್ಲ, ಎಳೆಯುವ ಸಾಮಾನು ಕೊಟ್ಟಾಗ ವೈರಿನ ನಿಜ ಬಣ್ಣ ಗೊತ್ತಾಗುದು ಅಂದ್ರು. ಕೊಳೆತ ಜಾಯಿಂಟಿನಲ್ಲಿ ಒಂದು ಎಳೆ ತಾಮ್ರ ಮುಟ್ಟಿಕೊಂಡಿದ್ರೂ ಮೀಟರಿಗೆ ಸಾಕು, ಅದು 12.5 ತೋರಿಸ್ತದೆ. ಪಂಪಿಗೆ ನಾಲ್ಕು ಆಂಪಿಯರ್ ಹತ್ರ ಬೇಕು, ಅಷ್ಟು ಆ ಒಂದು ಎಳೆಯಲ್ಲಿ ಹೋಗುದಿಲ್ಲ.

ಮತ್ತೆ ಪಂಪನ್ನು ಜೋಡಿಸಿ, ತಳಕ್ಕೆ ಬಕೆಟಿನಲ್ಲಿ ನೀರು ಹೊಯ್ದು, ಓಡ್ತಾ ಇರುವಾಗಲೇ ಅಳೆದ್ರು. ಬ್ಯಾಟರಿಯಲ್ಲಿ 12.4, ಪಂಪಿನ ತುದಿಯಲ್ಲಿ 9.2. ಮೂರು ವೋಲ್ಟಿಗಿಂತ ಜಾಸ್ತಿ ದಾರಿಯಲ್ಲೇ ಕಾಣೆ. ಎಲ್ಲಿ ಅಂತ ಹುಡುಕಿದ ರೀತಿ ನಂಗೆ ತುಂಬ ಇಷ್ಟ ಆಯ್ತು, ಯಾರಿಗೆ ಬೇಕಾದ್ರೂ ಕಲೀಬಹುದು. ಒಂದು ಉದ್ದದ ವೈರ್ ತಕ್ಕೊಂಡು ಮೀಟರಿನ ಒಂದು ಮೊನೆ ಬ್ಯಾಟರಿಯ ಪ್ಲಸ್ಸಿಗೆ, ಇನ್ನೊಂದು ಮೊನೆ ಪಂಪಿನ ಪ್ಲಸ್ಸಿಗೆ. ಪಂಪ್ ಓಡ್ತಾ ಇರ್ಬೇಕು. ಅರ್ಧ ವೋಲ್ಟ್ ತೋರಿಸ್ತು. ಅಂದ್ರೆ ಪ್ಲಸ್ ಲೈನಿನಲ್ಲಿ, ಸ್ವಿಚ್ಚೂ ಫ್ಯೂಸೂ ಸೇರಿ, ಹೋಗುದು ಅಷ್ಟೆ. ಆಮೇಲೆ ಬ್ಯಾಟರಿಯ ಮೈನಸ್ಸಿಂದ ಪಂಪಿನ ಕಪ್ಪು ವೈರಿಗೆ, 2.7. ತೊಂದರೆ ಇದ್ದದ್ದು ಮೈನಸ್ ಲೈನಿನಲ್ಲಿ! ಎಲ್ಲರೂ ಪ್ಲಸ್ ನೋಡ್ತಾರೆ, ಫ್ಯೂಸ್ ನೋಡ್ತಾರೆ, ಸ್ವಿಚ್ ಬದಲಾಯಿಸ್ತಾರೆ, ಹಿಂದೆ ಹೋಗುವ ಕಪ್ಪು ವೈರನ್ನು ಯಾರೂ ಕೇಳುದಿಲ್ಲ. ಹೋದಷ್ಟೇ ಕರೆಂಟ್ ವಾಪಸ್ ಬರ್ಬೇಕಲ್ಲ.

ಆ ಕಪ್ಪು ವೈರನ್ನು ಹಿಡಿದುಕೊಂಡು ಹಿಂದಿನಿಂದ ಮುಂದೆ ಬಂದ್ರು, ಸೀಟಿನ ಅಡಿಯಲ್ಲಿ ಇನ್ಸುಲೇಶನ್ ಟೇಪ್ ಸುತ್ತಿದ ಒಂದು ಜಾಯಿಂಟ್ ಸಿಕ್ಕಿತು. ಟೇಪಿನ ಅಂಟು ಕರಗಿ ಕೈಗೆ ಮೆತ್ತಿಕೊಳ್ಳುವ ಹಾಗೆ ಆಗಿತ್ತು. ಬಿಚ್ಚಿದ್ರೆ ಒಳಗೆ ತಾಮ್ರ ಅಂತ ಕಾಣುದೇ ಇಲ್ಲ, ಎಲ್ಲ ಹಸಿರು ಕಿಲುಬು, ಉಗುರಲ್ಲಿ ಮುಟ್ಟಿದ್ರೆ ಪುಡಿಪುಡಿ ಉದುರ್ತದೆ. ಅಲ್ಲಿಂದ ಒಂದು ಗೇಣು ಬಿಟ್ಟು ವೈರ್ ಕತ್ತರಿಸಿ ತೋರಿಸಿದ್ರು, ಮೇಲೆ ಪ್ಲಾಸ್ಟಿಕ್ ಹೊಸತರ ಹಾಗೆ ಉಂಟು, ಒಳಗಿನ ಎಳೆಗಳು ಕಪ್ಪು. ಇನ್ನೊಂದು ಗೇಣು ಕತ್ತರಿಸಿದ್ರು, ಅಲ್ಲಿಯೂ ಕಪ್ಪು. ಉಪ್ಪುನೀರು ಜಾಯಿಂಟಿನಲ್ಲಿ ಒಳಗೆ ಹೊಕ್ಕಿ ಎಳೆಗಳ ಮಧ್ಯದಲ್ಲೇ ಮೇಲೆ ಏರ್ತದೆ. ಅದಕ್ಕೇ ಜಾಯಿಂಟ್ ಮಾತ್ರ ಕ್ಲೀನ್ ಮಾಡಿ ಪುನಃ ಟೇಪ್ ಸುತ್ತಿದ್ರೆ ಪ್ರಯೋಜನ ಇಲ್ಲ, ಕಪ್ಪಾದ ತಾಮ್ರಕ್ಕೆ ಸೋಲ್ಡರ್ ಹಿಡಿಯುದೂ ಇಲ್ಲ, ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸ್ತಾ ಹೋಗ್ಬೇಕು, ಸಿಗದಿದ್ರೆ ಇಡೀ ವೈರ್ ಬಿಸಾಡ್ಬೇಕು. ನಮ್ಮದು ಬಿಸಾಡಿದ್ದೇ.

ವೋಲ್ಟ್ ಕಮ್ಮಿ ಆದ್ರೆ ಏನಾಯ್ತು, ಸ್ವಲ್ಪ ನಿಧಾನ ಓಡ್ತದೆ ಅಷ್ಟೆ ಅಲ್ವಾ ಅಂತ ತಮ್ಮ ಕೇಳಿದ. ಅದಕ್ಕೆ ಅವರು ಕೊಟ್ಟ ಉತ್ತರ ತೋಟ ಇದ್ದವರಿಗೆ ತಟ್ಟನೆ ಗೊತ್ತಾಗುವಂಥದ್ದು. ಸಪೂರ ಪೈಪಿನಲ್ಲಿ ದೂರಕ್ಕೆ ನೀರು ಬಿಟ್ರೆ ಅಡಿಕೆ ತೋಟದ ಕೊನೆಯ ಸ್ಪ್ರಿಂಕ್ಲರ್ ಬರೇ ಜಿನುಗ್ತದೆ, ತಿರುಗುದಿಲ್ಲ, ಅದೇ ಕತೆ ಇಲ್ಲಿಯೂ. ಇಂಥ ಪಂಪಿನಲ್ಲಿ ಸ್ಪೀಡ್ ಮುಕ್ಕಾಲು ಪಾಲಿಗೆ ಇಳಿದ್ರೆ ನೀರನ್ನು ಮೇಲೆ ಎತ್ತುವ ಶಕ್ತಿ ಹೆಚ್ಚುಕಮ್ಮಿ ಅರ್ಧಕ್ಕೆ ಬರ್ತದೆ. ನಮ್ಮ ಹೊರಗಿನ ಪೈಪ್ ತೂತು ತಳದಿಂದ ಸುಮಾರು ಎತ್ತರದಲ್ಲಿ ಉಂಟು, ನೀರು ಅಲ್ಲಿವರೆಗೆ ಏರುವಷ್ಟರಲ್ಲಿ ಸುಸ್ತು. ಪಂಪಿನ ಡಬ್ಬಿ ಮೇಲೆ 1100 ಜಿಪಿಎಚ್, ಅಂದ್ರೆ ಗಂಟೆಗೆ 1100 ಗ್ಯಾಲನ್ ಅಂತ ಬರ್ದಿರ್ತದೆ, ಲೆಕ್ಕಕ್ಕೆ ಗಂಟೆಗೆ 4160 ಲೀಟರ್ ಹತ್ರ ಆಗ್ತದೆ, ಅದು ನೀರನ್ನು ಮೇಲೆ ಎತ್ತದೆ, ಪೂರ್ತಿ ವೋಲ್ಟ್ ಕೊಟ್ಟು ಅಳೆದ ಲೆಕ್ಕ. ನಿಜವಾಗಿ ಬೋಟಿನಲ್ಲಿ ಅದರ ಅರ್ಧ ಸಿಕ್ಕಿದ್ರೆ ಒಳ್ಳೇದು ಅಂತ ತಿಳ್ಕೊಂಡು ಪಂಪ್ ಆರಿಸ್ಬೇಕು.

ವೈರಿನ ದಪ್ಪದ ಲೆಕ್ಕವೂ ಹೇಳ್ತೇನೆ, ಯಾಕಂದ್ರೆ ಅಂಗಡಿಯಲ್ಲಿ ಯಾರೂ ಹೇಳುದಿಲ್ಲ. ಒಂದು ಸ್ಕ್ವೇರ್ ಎಂಎಂ ತಾಮ್ರದ ವೈರಿನಲ್ಲಿ 8 ಮೀಟರ್ ಹೋಗಿ 8 ಮೀಟರ್ ವಾಪಸ್ ಬಂದ್ರೆ, ನಾಲ್ಕು ಆಂಪಿಯರಿಗೆ ಒಂದು ವೋಲ್ಟಿಗಿಂತ ಸ್ವಲ್ಪ ಜಾಸ್ತಿ ವೈರೇ ತಿಂತದೆ, ವೈರ್ ಹೊಸತಾಗಿದ್ರೂ. ಎರಡೂವರೆ ಸ್ಕ್ವೇರ್ ಹಾಕಿದ್ರೆ ಅರ್ಧ ವೋಲ್ಟಿನ ಒಳಗೆ ಮುಗೀತದೆ. ಮನೆಯಲ್ಲಿ 230 ವೋಲ್ಟಿನಲ್ಲಿ ಒಂದು ವೋಲ್ಟ್ ಹೋದ್ರೆ ಯಾರಿಗೂ ಗೊತ್ತಾಗುದಿಲ್ಲ, 12ರಲ್ಲಿ ಒಂದು ಹೋದ್ರೆ ಅದು ದೊಡ್ಡ ಪಾಲು. ಇವರು ಎರಡೂವರೆ ಸ್ಕ್ವೇರಿನ, ಎಳೆಎಳೆಗೂ ತವರ ಲೇಪ ಇರುವ ಬೆಳ್ಳಿ ಬಣ್ಣದ ವೈರ್ ಹಾಕಿದ್ರು. ಸಾಮಾನ್ಯ ವೈರಿನ ಎರಡು ಪಟ್ಟು ಹತ್ರ ರೇಟು ಬಿತ್ತು, ಕೊಡ್ಬಹುದು. ಜಾಯಿಂಟಿಗೆ ಟೇಪ್ ಇಲ್ಲ, ಲೋಹದ ಕೊಳವೆಯಲ್ಲಿ ವೈರ್ ಇಟ್ಟು ಅದುಮಿ ಕ್ರಿಂಪ್ ಮಾಡಿ, ಮೇಲೆ ಬಿಸಿಗೆ ಕುಗ್ಗುವ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಸ್ಲೀವ್, ಬಿಸಿ ಮಾಡಿದಾಗ ಎರಡೂ ತುದಿಯಲ್ಲಿ ಅಂಟು ಸಣ್ಣಕ್ಕೆ ಹೊರಗೆ ಉಕ್ಕಿ ಬರ್ಬೇಕು, ಬರದಿದ್ರೆ ನೀರು ಹೋಗ್ತದೆ ಅಂತ ಒಂದನ್ನು ಕತ್ತರಿಸಿ ಪುನಃ ಮಾಡಿದ್ರು. ನಾನು ಪಕ್ಕದಲ್ಲೇ ಕೂತು ನೋಡಿದ್ದು. ಪ್ರತಿ ಜಾಯಿಂಟನ್ನೂ ತಳದಲ್ಲಿ ನೀರು ಎಷ್ಟು ಎತ್ತರಕ್ಕೆ ಬರ್ಬಹುದೋ ಅದಕ್ಕಿಂತ ಮೇಲೆ ಕಟ್ಟಿದ್ರು. ಕೆಲಸ ಮುಗಿದ ಮೇಲೆ ಅಳೆದ್ರೆ ಪಂಪಿನ ತುದಿಯಲ್ಲಿ 11.9, ಹೊರಗೆ ನೀರು ಬೀಳುವ ರಭಸ ನೋಡಿ ಮಕ್ಕಳು ಬೊಬ್ಬೆ ಹಾಕಿದ್ರು. ಪಂಪ್ ಮೊದ್ಲಿನದ್ದೇ! ಬದಲಾಯಿಸ್ಬೇಕು ಅಂತ ಬೇರೆಯವರು ಹೇಳಿದ್ದೇ ಪಂಪ್.

ಇನ್ನು ಆಟೋ. ನಮ್ಮ ಬೋಟಿನಲ್ಲಿ ಪಂಪಿನ ಸ್ವಿಚ್ಚಿಗೆ ಮೂರು ಜಾಗ, ಮ್ಯಾನ್ಯುವಲ್, ಆಫ್, ಆಟೋ. ಆಟೋಗೆ ಬರುವ ಲೈನನ್ನು ಮೈನ್ ಸ್ವಿಚ್ ದಾಟಿದ ಮೇಲಿಂದ ಎಳೆದಿದ್ರು. ಮನೆಗೆ ಬರುವಾಗ ನಾವು ಮೈನ್ ಆಫ್ ಮಾಡಿ ಬರ್ತೇವೆ, ಎಲ್ಲರೂ ಮಾಡುದು ಹಾಗೆಯೇ, ಅಲ್ಲಿಗೆ ಆಟೋ ಸತ್ತುಹೋಯ್ತು. ಮಳೆ ಬಿದ್ದು ಫ್ಲೋಟ್ ಎದ್ದು ನಿಂತ್ರೂ ಅದಕ್ಕೆ ಕರೆಂಟ್ ಇಲ್ಲ. ಬೋಟ್ ಖಾಲಿ ಕಟ್ಟಿ ಇಟ್ಟಾಗ ಕೆಲಸ ಮಾಡದ ಆಟೋ ಎಂತಕ್ಕೆ? ಇದನ್ನು ಬೋಟ್ ಮಾರುವಾಗಲೇ ಯಾರಾದ್ರೂ ನೋಡ್ಬೇಕಿತ್ತು. ಈಗ ಫ್ಲೋಟ್ ಸ್ವಿಚ್ಚಿಗೆ ಬ್ಯಾಟರಿಯಿಂದಲೇ ಬೇರೆ ಲೈನ್, ಮೈನ್ ಸ್ವಿಚ್ಚಿಗೆ ಸಂಬಂಧ ಇಲ್ಲ, ಬ್ಯಾಟರಿಯಿಂದ ಒಂದು ಗೇಣಿನೊಳಗೆ ಅದಕ್ಕೇ ಒಂದು ಫ್ಯೂಸ್. ಫ್ಯೂಸ್ ಅಷ್ಟು ಹತ್ರ ಯಾಕೆ ಅಂದ್ರೆ, ಫ್ಯೂಸಿನವರೆಗಿನ ವೈರಿಗೆ ಯಾವ ರಕ್ಷಣೆಯೂ ಇಲ್ಲ, ಆ ತುಂಡು ಎಲ್ಲಿಯಾದ್ರೂ ಉಜ್ಜಿ ಶಾರ್ಟ್ ಆದ್ರೆ ಬ್ಯಾಟರಿಯ ಪೂರ್ತಿ ಶಕ್ತಿ ಅದರಲ್ಲಿ ಹರೀತದೆ.

ಆ 20 ಆಂಪಿಯರ್ ಫ್ಯೂಸಿನ ವಿಷಯ ಈಗ ಹೇಳ್ತೇನೆ. ಪಂಪಿನ ರೆಕ್ಕೆಗೆ ಪ್ಲಾಸ್ಟಿಕ್ ತುಂಡು ಸಿಕ್ಕಿ ಮೋಟರ್ ನಿಂತುಹೋಯ್ತು ಅಂತ ಇಟ್ಕೊಳ್ಳಿ, ಕರೆಂಟ್ ಹೋಗ್ತಾನೇ ಇರ್ತದೆ, ತಿರುಗುವಾಗ ಎಳೆಯುದಕ್ಕಿಂತ ಎಷ್ಟೋ ಜಾಸ್ತಿ ಎಳೀತದೆ. ಸರಿಯಾದ ಫ್ಯೂಸ್ ಇದ್ರೆ ಅದು ಹಾರಿ ಎಲ್ಲ ನಿಲ್ತದೆ. 20 ಇದ್ರೆ ಹಾರುದಿಲ್ಲ, ಮೋಟರ್ ಬಿಸಿಯಾಗ್ತದೆ, ಸಪೂರ ವೈರ್ ಬಿಸಿಯಾಗ್ತದೆ, ಪಕ್ಕದಲ್ಲಿ ಪೆಟ್ರೋಲ್ ಟ್ಯಾಂಕ್, ಬೋಟಿನಲ್ಲಿ ಯಾರೂ ಇಲ್ಲ. ಪಂಪಿನ ಮೇಲೆ ಇಲ್ಲಾ ಅದರ ಜೊತೆ ಬಂದ ಕಾಗದದಲ್ಲಿ ಎಷ್ಟರ ಫ್ಯೂಸ್ ಹಾಕ್ಬೇಕು ಅಂತ ಬರ್ದಿರ್ತದೆ, ಅಷ್ಟೇ ಹಾಕಿ, ಅದು ಹಾರಿದ್ರೆ ಯಾಕೆ ಹಾರಿತು ಅಂತ ನೋಡಿ, ದೊಡ್ಡದು ಹಾಕ್ಬೇಡಿ. ಯಾರು ಹೇಳಿದ್ರೂ ಬೇಡ.

ಫ್ಲೋಟ್ ಸ್ವಿಚ್ಚನ್ನೂ ಕೈಯಲ್ಲಿ ಎತ್ತಿ ಎತ್ತಿ ಮೀಟರಿನಲ್ಲಿ ನೋಡಿದ್ರು. ಎತ್ತಿದಾಗ ಒಂದುಸಲ ಬೀಪ್ ಬರ್ತದೆ, ಒಂದುಸಲ ಇಲ್ಲ. ಅದು ನಿಜವಾಗಿ ಹೋಗಿತ್ತು, ಹೊಸತು ಹಾಕಿದ್ರು. ವೈರ್, ಫ್ಯೂಸ್ ಬಿಟ್ರೆ ಬದಲಾಯಿಸಿದ ಸಾಮಾನು ಅಂದ್ರೆ ಅದೊಂದೇ. ಹಾಕುವಾಗ ಅದರ ಕೈ ಪೈಪಿಗೆ ತಾಗದ ಹಾಗೆ ಜಾಗ ನೋಡಿ ಸ್ಕ್ರೂ ಮಾಡಿದ್ರು, ಎತ್ತಿದ್ದು ಕೆಳಗೆ ಬೀಳದಿದ್ರೆ ನೀರಿಲ್ಲದಿದ್ರೂ ಪಂಪ್ ಓಡ್ತಾ ಇರ್ತದೆ. ನಾಲ್ಕು ಆಂಪಿಯರಿನ ಹಾಗೆ ಓಡಿದ್ರೆ 75 ಆಂಪಿಯರ್ ಅವರ್ ಬ್ಯಾಟರಿ ಒಂದು ದಿವಸದೊಳಗೆ ಪೂರ್ತಿ ಖಾಲಿ. ಅದೇ ಪಂಪ್ ಬೇಕಾದಾಗ ಮಾತ್ರ ಓಡಿ 1000 ಲೀಟರ್ ನೀರು ತೆಗೀಲಿಕ್ಕೆ ಅರ್ಧ ಗಂಟೆ ಸಾಕು, ಬ್ಯಾಟರಿಯಿಂದ ಹೋಗುದು ಎರಡು ಆಂಪಿಯರ್ ಅವರ್. ನಂಗೆ ಈ ಲೆಕ್ಕ ಕೇಳಿ ಸಮಾಧಾನ ಆಯ್ತು, ಬ್ಯಾಟರಿ ಒಳ್ಳೇದಿದ್ರೆ ದೊಡ್ಡ ಮಳೆಯನ್ನೂ ಅದು ತಡ್ಕೊಳ್ತದೆ.

ಬ್ಯಾಟರಿ ಇಳಿಯುವ ಕಾರಣವೂ ಇದರಲ್ಲೇ ಸಿಕ್ಕಿತು. ಎಲ್ಲ ಆಫ್ ಮಾಡಿ ಬ್ಯಾಟರಿಯ ಮೈನಸ್ ಬಿಚ್ಚಿ ಮಧ್ಯದಲ್ಲಿ ಮೀಟರ್ ಇಟ್ಟಾಗ 40 ಮಿಲಿ ಆಂಪಿಯರ್ ಹೋಗ್ತಾ ಇತ್ತು. ಸಣ್ಣದು ಅಂತ ಕಾಣ್ತದೆ, ದಿವಸಕ್ಕೆ ಒಂದು ಆಂಪಿಯರ್ ಅವರ್, ತಿಂಗಳಿಗೆ 30 ಹತ್ರ. ಹುಡುಕಿದ್ರೆ ಮೊದ್ಲಿನವರು ಬ್ಯಾಟರಿಯಿಂದ ಎಳೆದು ಬಿಟ್ಟ ಒಂದು ಬೇರೆ ಪ್ಲಸ್ ವೈರ್, ತುದಿ ತಳದ ನೀರಲ್ಲಿ ಮುಳುಗಿ ಬಿದ್ದಿತ್ತು. ಉಪ್ಪುನೀರಲ್ಲಿ ಪ್ಲಸ್ ತುದಿ ಬಿದ್ದಿದ್ರೆ ಬ್ಯಾಟರಿ ಇಳಿಯುದು ಮಾತ್ರ ಅಲ್ಲ, ಆ ತಾಮ್ರ ಕರಗಿ ಕರಗಿ ಹೋಗ್ತದೆ, ಆ ಕರೆಂಟ್ ದಾರಿ ಹುಡುಕ್ತಾ ಹೋಗಿ ಬೋಟಿನ ಬೇರೆ ಲೋಹದ ಭಾಗಗಳನ್ನೂ ತಿಂದುಹಾಕಬಹುದು. ಅದನ್ನು ಬುಡದಿಂದಲೇ ತೆಗೆದ್ರು, ಮೀಟರ್ ಸೊನ್ನೆಗೆ ಬಂತು.

ಕೈ ತೊಳೆಯುವ ಸಿಂಕಿಗೆ ಇನ್ನೊಂದು ಸಣ್ಣ ಸಿಹಿನೀರಿನ ಪಂಪ್ ಉಂಟು, ಟ್ಯಾಪ್ ಬಿಟ್ಟಾಗ ತನ್ನಷ್ಟಕ್ಕೆ ಓಡುವಂಥದ್ದು. ಅದು ಟ್ಯಾಪ್ ಬಂದ್ ಇದ್ರೂ ಆಗಾಗ ಒಂದು ಸೆಕೆಂಡ್ ಟರ್ ಅಂತ ಓಡಿ ನಿಲ್ತಿತ್ತು. ಅದಕ್ಕೂ ವೈರಿಂಗ್ ಮಾಡ್ಲಿಕ್ಕೆ ಹೇಳಿದ್ವಿ. ಅಣ್ಣ ನೋಡಿ, ಇದು ಕರೆಂಟಿನ ತೊಂದರೆ ಅಲ್ಲ, ಎಲ್ಲಿಯೋ ನೀರು ಜಿನುಗಿ ಪ್ರೆಶರ್ ಇಳೀತಾ ಉಂಟು, ಅದಕ್ಕೆ ಸ್ವಿಚ್ ಎಬ್ಬಿಸ್ತಾ ಉಂಟು ಅಂತ ಹೇಳಿ ಟ್ಯಾಪಿನ ವಾಷರ್ ಬದಲಾಯಿಸಿದ್ರು. ಅಷ್ಟೆ, ನಿಂತಿತು. ಅದಕ್ಕೆ ಬೇರೆ ದುಡ್ಡು ತಕ್ಕೊಳ್ಲಿಲ್ಲ.

ಬ್ಯಾಟರಿ ಚಾರ್ಜ್ ಮಾಡ್ಲಿಕ್ಕೆ ನಾವು ಕಡವಿನ ಪಕ್ಕದ ಶೆಡ್ಡಿಂದ ಎಕ್ಸ್‌ಟೆನ್ಶನ್ ವೈರ್ ಎಳೀತಿದ್ವಿ, ಅಲ್ಲಿ ಕರೆಂಟ್ ಸೋರಿದ್ರೆ ತನ್ನಷ್ಟಕ್ಕೆ ಲೈನ್ ಕಡಿಯುವ 30 ಮಿಲಿ ಆಂಪಿಯರಿನ ಇಎಲ್‌ಸಿಬಿ ಹಾಕಿಸದೆ ಇನ್ನು ಎಳೀಬಾರ್ದು ಅಂತ ಕಟ್ಟುನಿಟ್ಟಾಗಿ ಹೇಳಿದ್ರು. ಒದ್ದೆ ಕಾಲು, ಉಪ್ಪುನೀರು, 230 ವೋಲ್ಟ್, ಮಕ್ಕಳು ಅಲ್ಲೇ ನೀರಿಗೆ ಹಾರುದು. ಹಾಕಿಸಿದ್ದೇವೆ.

ಈಗ ಕಮ್ಮಿ ಆದ ಆ ಒಂದು ಸ್ಟಾರ್. ಹೇಳಿದ ದಿವಸಕ್ಕೆ ಬರುದಿಲ್ಲ. ನಾಳೆ ಅಂದ್ರೆ ನಾಡಿದ್ದು, ನಾಡಿದ್ದು ಅಂದ್ರೆ ಫೋನ್ ತೆಗೆಯುದಿಲ್ಲ, ಯಾವುದೋ ದೊಡ್ಡ ಬೋಟ್ ಹೊರಡ್ಲಿಕ್ಕೆ ಇದ್ರೆ ಅದೇ ಅವರಿಗೆ ಮೊದ್ಲು. ಮೀನಿನವರ ಹೊಟ್ಟೆಪಾಡು ಅದು, ನಮ್ಮದು ತಿರುಗಾಟದ ಬೋಟ್, ಆ ನ್ಯಾಯ ನಂಗೆ ಒಪ್ಪಿಗೆಯೇ, ಆದ್ರೆ ಬರುದಿಲ್ಲ ಅಂತ ಒಂದು ಮಾತು ಹೇಳಿದ್ರೆ ನಾವು ಕಡವಿನಲ್ಲಿ ಕಾಯುದು ತಪ್ಪುತ್ತಿತ್ತು. ಮತ್ತೆ ಬಿಲ್ ಕೊಡುದಿಲ್ಲ, ಕೇಳಿದ ಮೇಲೆ ಒಂದು ಚೀಟಿಯಲ್ಲಿ ಬರ್ದು ಕೊಟ್ರು. ತವರದ ವೈರ್, ಅಂಟಿನ ಸ್ಲೀವ್ ಅವರ ಹತ್ರ ಯಾವಾಗಲೂ ಇರುದಿಲ್ಲ, ಮೊದ್ಲೇ ಹೇಳಿದ್ರೆ ತರಿಸ್ತಾರೆ, ಹೇಳದಿದ್ರೆ ಇದ್ದದ್ದರಲ್ಲಿ ಮಾಡ್ತೇನೆ ಅಂತಾರೆ, ಹಾಗೆ ಮಾಡಿಸ್ಬೇಡಿ. ಚಾರ್ಜ್ ವಿಷಯದಲ್ಲಿ ತಕರಾರಿಲ್ಲ, ಸಾಮಾನು, ಕೂಲಿ, ಬಂದು ಹೋಗುವ ಖರ್ಚು ಎಲ್ಲ ಸೇರಿ ಮೊದ್ಲಿನವರು ಹಾಕಿದ ಪಂಪಿನ ರೇಟಿಗಿಂತ ಸ್ವಲ್ಪವೇ ಜಾಸ್ತಿ ಆಯ್ತು. ಹೊಸ ಮಾಡೆಲಿನ ಇಂಜಿನಿನ ಕಂಪ್ಯೂಟರ್ ಭಾಗ, ಜಿಪಿಎಸ್, ಫಿಶ್ ಫೈಂಡರ್ ಅಂಥದ್ದು ಮುಟ್ಟುದಿಲ್ಲ, ಅದು ನಂಗೆ ಗೊತ್ತಿಲ್ಲ ಅಂತ ನೇರ ಹೇಳಿದ್ರು, ಅದಕ್ಕೆ ಬೇರೆಯವರನ್ನು ನೋಡಿ.

ಇದಾದ ಮೇಲೆ ಒಂದು ಮಳೆಗಾಲ ಕಳೀತು. ಬೆಳಿಗ್ಗೆ ಹೋಗಿ ನೋಡಿದ್ರೆ ತಳದಲ್ಲಿ ಪಂಪಿಗೆ ಎಟಕದ ಎರಡು ಬೆರಳು ನೀರು ಬಿಟ್ರೆ ಬೇರೆ ಇಲ್ಲ, ಬ್ಯಾಟರಿ 12.6. ತಮ್ಮ ಈಗ ವಾರಕ್ಕೊಂದುಸಲ ಹೋಗಿ ಮೈನ್ ಆಫ್ ಇಟ್ಟೇ ಫ್ಲೋಟನ್ನು ಕೈಯಲ್ಲಿ ಎತ್ತಿ ನೋಡಿ ಬರ್ತಾನೆ, ಪಂಪ್ ಓಡಿದ್ರೆ ಲೈನ್ ಸರಿ ಉಂಟು ಅಂತ ಅರ್ಥ.

ಕರೆಸುವ ಯೋಚನೆ ಇದ್ರೆ ಏಪ್ರಿಲ್‌ನಲ್ಲೇ ಹೇಳಿ ಇಡಿ. ಕೇರಳದಲ್ಲಿ ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರವರೆಗೆ 52 ದಿವಸ ಟ್ರಾಲಿಂಗ್ ನಿಷೇಧ, ಆವಾಗ ದೊಡ್ಡ ಬೋಟುಗಳೆಲ್ಲ ರಿಪೇರಿಗೆ ನಿಲ್ತವೆ, ಇವರು ಸಣ್ಣ ಬೋಟಿನ ಕಡೆ ತಿರುಗಿ ನೋಡ್ಲಿಕ್ಕೂ ಪುರುಸೊತ್ತು ಇರುದಿಲ್ಲ. ಹೋಗುವಾಗ ನಿಮ್ಮ ಪಂಪಿನ ಮೇಲಿನ ಲೇಬಲಿನ ಫೋಟೊ, ಬ್ಯಾಟರಿಯಿಂದ ಪಂಪಿನವರೆಗೆ ವೈರ್ ಎಷ್ಟು ಮೀಟರ್ ಅಂತ ಅಳೆದು ಬರ್ದುಕೊಂಡು ಹೋಗಿ, ಬೇಕಾದ ವೈರ್ ಅವರು ಅಲ್ಲಿಯೇ ಲೆಕ್ಕ ಹಾಕಿ ತರಿಸಿ ಇಡ್ತಾರೆ.